ಸತ್ತ ಮರದ ಮೇಲೆ ಮೂಡುವ 'ಕಿವಿ': ಏನಿದು ವುಡ್ ಇಯರ್ ಅಣಬೆ? ತಿನ್ನುವ ಮುನ್ನ ಇದನ್ನು ತಿಳಿದಿರಿ

ಚೆನ್ನೈನ ಎಗ್ಮೋರ್ ಇರಲಿ, ಬೆಂಗಳೂರು ಇರಲಿ, ಚೈನೀಸ್ ಹೋಟೆಲ್‌ನ ಹಾಟ್ ಅಂಡ್ ಸೋರ್ ಸೂಪ್‌ನಲ್ಲಿ ಕೆಲವೊಮ್ಮೆ ಕಪ್ಪಗಿನ, ಕಚ್ಚಿದರೆ ಕರುಂ ಎನ್ನುವ ಚೂರುಗಳು ಸಿಗುತ್ತವೆ. ಅದೇ ವುಡ್ ಇಯರ್ ಅಥವಾ ಬ್ಲ್ಯಾಕ್ ಫಂಗಸ್ ಎಂದು ಕರೆಯಲಾಗುವ ಅಣಬೆ. ಕೋವಿಡ್ ಕಾಲದಲ್ಲಿ ಸುದ್ದಿಯಾದ 'ಬ್ಲ್ಯಾಕ್ ಫಂಗಸ್' ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ.

ಹೆಸರು ಬಂದದ್ದು ಹೇಗೆ?

ಇದರ ಕುಲದ ವೈಜ್ಞಾನಿಕ ಹೆಸರು ಆರಿಕ್ಯುಲೇರಿಯಾ. ಲ್ಯಾಟಿನ್‌ನಲ್ಲಿ ಕಿವಿ ಎಂಬರ್ಥದ ಪದದಿಂದ ಬಂದದ್ದು. ಆಕಾರವೂ ಥೇಟ್ ಕಿವಿಯಂತೆಯೇ. ಮುಟ್ಟಿದರೆ ಜೆಲ್ಲಿಯಂತೆ ಮೆತ್ತಗಿರುತ್ತದೆ.

ಎಗ್ಮೋರ್‌ನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸಸ್ಯ ಹಾಗೂ ಪ್ರಾಣಿಗಳಿಗೆ ಬೇರೆ ಬೇರೆ ವಿಭಾಗಗಳಿವೆ. ಅಣಬೆ ಇವೆರಡೂ ಅಲ್ಲ. ಅದಕ್ಕೆ ಹಸಿರು ಎಲೆಯಿಲ್ಲ, ತನ್ನ ಆಹಾರವನ್ನು ತಾನೇ ತಯಾರಿಸಲಾರದು. ಸತ್ತ ಮರವನ್ನು ಕೊಳೆಯಿಸಿ ಅದರಿಂದಲೇ ಪೋಷಕಾಂಶ ಪಡೆಯುತ್ತದೆ. ಬಿಸಿಲಿಗೆ ಒಣಗಿ ಗಟ್ಟಿಯಾದರೂ ಮಳೆ ಬಿದ್ದರೆ ನೀರು ಹೀರಿ ಮತ್ತೆ ಅರಳುತ್ತದೆ.

ಎಲ್ಲಿ ತಿನ್ನುತ್ತಾರೆ?

ಚೀನಾದಲ್ಲಿ ಶತಮಾನಗಳಿಂದ ಇದನ್ನು ಬೆಳೆಯಲಾಗುತ್ತಿದೆ. ಭಾರತದಲ್ಲಿ ಮಣಿಪುರ ಸೇರಿದಂತೆ ಈಶಾನ್ಯ ರಾಜ್ಯಗಳಲ್ಲಿ ಕಾಡಿನಿಂದ ತಂದು ಅಡುಗೆ ಮಾಡುತ್ತಾರೆ. ಪಶ್ಚಿಮ ಘಟ್ಟದ ಕಾಡುಗಳಲ್ಲೂ ಈ ಕುಲದ ಅಣಬೆಗಳು ಕಾಣಸಿಗುತ್ತವೆ.

ಅಪಾಯ ಎಲ್ಲಿದೆ?

ಒಣ ಅಣಬೆಯನ್ನು ಅಡುಗೆಗೆ ಮುನ್ನ ನೆನೆಸಬೇಕು. ಆದರೆ ಒಂದೆರಡು ದಿನ ಹೊರಗೇ ನೆನೆಯಲು ಬಿಟ್ಟರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ಬೊಂಗ್‌ಕ್ರೆಕಿಕ್ ಆಮ್ಲ ಎಂಬ ವಿಷ ಉಂಟಾಗಬಹುದು. ಕುದಿಸಿದರೂ ಈ ವಿಷ ಹೋಗುವುದಿಲ್ಲ. ಚೀನಾದಲ್ಲಿ ಇಂಥ ಪ್ರಕರಣಗಳು ವರದಿಯಾಗಿವೆ. ಚೆನ್ನೈನಂಥ ಸೆಕೆಯ ಊರಿನಲ್ಲಿ ಹೆಚ್ಚಿನ ಎಚ್ಚರ ಬೇಕು. ಬೇಕಾದಷ್ಟನ್ನೇ ಕೆಲವು ಗಂಟೆ ನೆನೆಸಿ, ತೊಳೆದು, ಚೆನ್ನಾಗಿ ಬೇಯಿಸಿ ಅಂದೇ ಬಳಸಿ. ಹೆಚ್ಚು ಹೊತ್ತು ನೆನೆಸಬೇಕಿದ್ದರೆ ಫ್ರಿಜ್‌ನಲ್ಲಿಡಿ. ಲೋಳೆಯಾಗಿದ್ದರೆ, ವಾಸನೆ ಬಂದರೆ ಎಸೆಯಿರಿ. ಆದರೆ ವಾಸನೆ ಇಲ್ಲ ಎಂದ ಮಾತ್ರಕ್ಕೆ ಸುರಕ್ಷಿತ ಎಂದುಕೊಳ್ಳಬೇಡಿ.

ಇನ್ನೊಂದು ವಿಷಯ: ಈ ಅಣಬೆ ರಕ್ತ ಹೆಪ್ಪುಗಟ್ಟುವ ಕ್ರಿಯೆಯನ್ನು ತಗ್ಗಿಸಬಲ್ಲದು ಎಂದು ಅಮೆರಿಕದ ವೈದ್ಯ ಡೇಲ್ ಹ್ಯಾಮರ್‌ಶ್ಮಿಟ್ 1980ರಲ್ಲಿ ವರದಿ ಮಾಡಿದ್ದರು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು ವೈದ್ಯರನ್ನು ಕೇಳಿಯೇ ತಿನ್ನುವುದು ಒಳಿತು.

ರಸ್ತೆ ಬದಿಯದ್ದು ಬೇಡ

2016ರ ಡಿಸೆಂಬರ್‌ನಲ್ಲಿ ವರ್ದಾ ಚಂಡಮಾರುತಕ್ಕೆ ಚೆನ್ನೈನಲ್ಲಿ ಸಾವಿರಾರು ಮರಗಳು ಉರುಳಿದ್ದವು. ಹೀಗೆ ಬಿದ್ದ ಮರಗಳ ಮೇಲೆ ಹಿಂಗಾರು ಮಳೆಯಲ್ಲಿ ನಾನಾ ಬಗೆಯ ಅಣಬೆಗಳು ಏಳುವುದು ಸಹಜ. ಆದರೆ ಅಣಬೆಗಳು ಸುತ್ತಲಿನ ಭಾರಲೋಹಗಳನ್ನೂ ಹೀರಿಕೊಳ್ಳುತ್ತವೆ. ಆದ್ದರಿಂದ ವಾಹನ ದಟ್ಟಣೆಯ ರಸ್ತೆಗಳಲ್ಲಿ ಬೆಳೆದದ್ದನ್ನು ಕೀಳಬೇಡಿ. ಫೋಟೊ ನೋಡಿ ಗುರುತಿಸಿ ತಿನ್ನುವ ಸಾಹಸವೂ ಬೇಡ. ಖಚಿತವಾಗಿ ಬಲ್ಲವರು ಜತೆಗಿಲ್ಲದಿದ್ದರೆ ಅಂಗಡಿಯ ಪೊಟ್ಟಣವೇ ವಾಸಿ.