ಸೂಳೆಕೆರೆಯ ಐತಿಹ್ಯ ಮತ್ತು ಇಳಿಜಾರಿನ ಬಲ

ಅಭಿವೃದ್ಧಿಶೀಲ ರಾಷ್ಟ್ರಗಳ ಇಂಗಾಲಮಿತ ಪ್ರಗತಿಯ ಚರ್ಚೆಯಲ್ಲಿ ಭೂಶಾಖ, ಗಾಳಿ, ಬಿಸಿಲುಗಳ ಪ್ರಸ್ತಾಪ ಸಹಜ. ನೆಲದ ಇಳಿಜಾರು ಗಣನೆಗೆ ಬರುವುದು ವಿರಳ. ಈ ಬಲವನ್ನು ಶತಮಾನಗಳ ಹಿಂದೆಯೇ ದುಡಿಸಿಕೊಂಡ ನಿದರ್ಶನ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ. ಎರಡು ಗುಡ್ಡಗಳ ನಡುವೆ ಹರಿದ್ರಾ ಹೊಳೆಗೆ ಅಡ್ಡಲಾಗಿ ಏರಿ ಕಟ್ಟಲಾಗಿದೆ. ಸಿದ್ಧ, ಬಸವ ನಾಲೆಗಳಲ್ಲಿ ನೀರು ತನ್ನ ಭಾರದಿಂದಲೇ ಗದ್ದೆಗಿಳಿಯುತ್ತದೆ, ಇಂಧನ ಸುಡಬೇಕಿಲ್ಲ.

ಐತಿಹ್ಯದಂತೆ ಕೆರೆ ಕಟ್ಟಿಸಿದವಳು ರಾಜಕುಮಾರಿ ಶಾಂತವ್ವ. ಬೇಕಾದ ನೆಲ ಸೂಳೆಯರದು. ಕೆರೆಗೆ ತಮ್ಮ ಹೆಸರಿರಬೇಕೆಂಬ ಕರಾರಿನ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರು. ಇದನ್ನು ಶಾಸನದಂತೆ ಓದಲಾಗದು. ಆದರೂ ನೀರಿನ ಹಿಂದೆ ನೆಲ ತೆತ್ತವರ ಋಣವಿದೆಯೆಂಬ ಅರಿವನ್ನು ಜನಪದವು ಕಾಪಿಟ್ಟಿದೆ. ‘ಶಾಂತಿಸಾಗರ’ವೆಂಬ ಸಭ್ಯ ಹೆಸರು ಆ ಋಣವನ್ನು ಮರೆಸುತ್ತದೆ.

1997ರಲ್ಲಿ ಚನ್ನಗಿರಿ, ಹೊನ್ನಾಳಿ, ಜಗಳೂರುಗಳು ದಾವಣಗೆರೆ ಜಿಲ್ಲೆಗೆ ಸೇರಿದವು. ಹೊನ್ನಾಳಿಯಿಂದ ಮುಂದೆ ನ್ಯಾಮತಿ ಬೇರ್ಪಟ್ಟಿತು. ಹೊನ್ನಾಳಿಗೆ ತುಂಗಭದ್ರೆಯ ದಡವಿದೆ. ಬರದ ಜಗಳೂರಿಗೆ ಕೊಳವೆಬಾವಿ, ಅಂದರೆ ವಿದ್ಯುತ್ತೇ ಆಸರೆ. ಅಲ್ಲಿಗೆ ಉದ್ದೇಶಿಸಿದ ಭದ್ರಾ ಮೇಲ್ದಂಡೆ ಯೋಜನೆಯೂ ನೀರನ್ನು ಯಂತ್ರದಿಂದ ಎತ್ತಿಯೇ ಹರಿಸುವಂಥದು.

ಆ ವಿದ್ಯುತ್ತನ್ನು ಗಾಳಿ, ಬಿಸಿಲುಗಳಿಂದ ಪಡೆಯುವುದು ಯುಕ್ತವೇ. ಆದರೆ ಆ ಸ್ಥಾವರಗಳಿಗೂ ನೆಲ ಬೇಕು. ನೆಲ ಕೊಟ್ಟವರ ಹೆಸರು ಎಲ್ಲಿ ಉಳಿಯುತ್ತದೆ ಎಂಬುದು ಸೂಳೆಕೆರೆಯ ಐತಿಹ್ಯ ಇಂದಿಗೂ ಕೇಳುವ ಪ್ರಶ್ನೆ.