ಬೇಗ ಹೆತ್ತು ಬೇಗ ನಿಲ್ಲಿಸುವುದು: ಕರ್ನಾಟಕದಲ್ಲಿ ಜನನ ಪ್ರಮಾಣದ ಇಳಿಕೆ

1992–93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವತ್ತತೆ ದರ, ಅಂದರೆ ಒಬ್ಬ ಮಹಿಳೆ ಸರಾಸರಿ ಹೆರುವ ಮಕ್ಕಳ ಸಂಖ್ಯೆ, 2.9ರ ಆಸುಪಾಸಿನಲ್ಲಿತ್ತು. 2019–21ರ ಐದನೆಯ ಸಮೀಕ್ಷೆಯ ಹೊತ್ತಿಗೆ ಅದು 1.7ಕ್ಕೆ ಇಳಿದಿತ್ತು. ಹೆಣ್ಣುಮಕ್ಕಳು ಓದಿದರು, ಮದುವೆ ತಡವಾಯಿತು, ಆದ್ದರಿಂದ ಮಕ್ಕಳು ಕಡಿಮೆಯಾದರು ಎಂಬ ವಿವರಣೆ ರೂಢಿಯಲ್ಲಿದೆ. ನಮ್ಮ ರಾಜ್ಯದ ಮಟ್ಟಿಗೆ ಇದು ಅರ್ಧ ಸತ್ಯ.

ಐದನೆಯ ಸಮೀಕ್ಷೆಯ ಪ್ರಕಾರವೇ 20–24 ವಯಸ್ಸಿನ ಮಹಿಳೆಯರಲ್ಲಿ ಶೇ. 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ವಿವಾಹಿತ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಗಂಡಸರ ಶಸ್ತ್ರಚಿಕಿತ್ಸೆಯ ಪಾಲು ಶೇ. 1ನ್ನೂ ಮುಟ್ಟುವುದಿಲ್ಲ. ಬೇಗ ಹೆತ್ತು ಬೇಗ ನಿಲ್ಲಿಸುವುದೇ ಇಲ್ಲಿನ ಇಳಿಕೆಯ ಮುಖ್ಯ ದಾರಿ. ಎರಡನೇ ಮಗುವಾಯಿತೆಂದರೆ ‘ಆಪರೇಷನ್ ಮಾಡಿಸಿಬಿಡಿ’ ಎಂಬ ಮಾತು ಹಳ್ಳಿಯ ಮನೆಗಳಲ್ಲಿ ಸಹಜವಾಗಿ ಬರುತ್ತದೆ. ಹೆರಿಗೆಯ ಜೊತೆಗೇ ಅದೂ ಮುಗಿದರೆ ತವರಿನ ಬಾಣಂತನದಲ್ಲೇ ಸುಧಾರಿಸಿಕೊಳ್ಳಬಹುದು, ಕೂಲಿ ಮತ್ತೊಮ್ಮೆ ತಪ್ಪುವುದಿಲ್ಲ. ಲೆಕ್ಕಾಚಾರ ಸರಿಯೇ. ಆದರೆ ಅದರ ನೋವೆಲ್ಲ ಒಂದೇ ದೇಹದ ಪಾಲಿಗೆ ಬಂದಿದೆ.

ಎರಡಕ್ಕೇ ನಿಲ್ಲಿಸುವ ಮನಸ್ಸು ಬಂದದ್ದರ ಹಿಂದೆ ಆರ್ಥಿಕ ಬದಲಾವಣೆಯಿದೆ. ಜಾನ್ ಕಾಲ್ಡ್‌ವೆಲ್, ಪಿ.ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ಕರ್ನಾಟಕದ ಹಳ್ಳಿಗಳಲ್ಲಿ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನ, ಮಕ್ಕಳ ಶಾಲೆಯ ಖರ್ಚಿಗೆ ಇದರಲ್ಲಿ ದೊಡ್ಡ ಸ್ಥಾನ ಕೊಟ್ಟಿತು. ದನ ಕಾಯುತ್ತಿದ್ದ ಹುಡುಗ ಶಾಲೆಗೆ ಹೊರಟಾಗ ಮನೆಯ ದುಡಿಮೆಯ ಒಂದು ಕೈ ಕಡಿಮೆಯಾಯಿತು, ಖರ್ಚಿನ ಬಾಬತ್ತು ಒಂದು ಹೆಚ್ಚಿತು. ಜಮೀನು ಪಾಲಾಗುತ್ತ ಹೋದ ಮನೆಗಳಲ್ಲಿ ಓದಿಸಿ ನೌಕರಿಗೆ ಸೇರಿಸುವುದೇ ಭರವಸೆಯಾಯಿತು. ಹುಟ್ಟಿದ ಮಕ್ಕಳು ಉಳಿಯುತ್ತಾರೆಂಬ ಧೈರ್ಯವೂ ಬಂತು: ಶಿಶು ಮರಣ ಪ್ರಮಾಣ ಮೊದಲ ಸಮೀಕ್ಷೆಯಲ್ಲಿ ಸಾವಿರಕ್ಕೆ 65 ಇದ್ದದ್ದು ಐದನೆಯದರಲ್ಲಿ 25ಕ್ಕೆ ಇಳಿಯಿತು.

ಹಾಗಿದ್ದೂ ಜನಸಂಖ್ಯೆ ಏರುತ್ತಲೇ ಇರುವುದೇಕೆ? ಹಿಂದಿನ ದಶಕಗಳಲ್ಲಿ ಹುಟ್ಟಿದ ದೊಡ್ಡ ತಲೆಮಾರು ಈಗ ಹೆರುವ ವಯಸ್ಸಿನಲ್ಲಿದೆ. ಜಿಲ್ಲೆಗಳ ಮಟ್ಟದಲ್ಲಿ ವಲಸೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2001–2011ರ ನಡುವೆ ಬೆಂಗಳೂರು ನಗರ ಜಿಲ್ಲೆ ಶೇ. 47ರಷ್ಟು ಬೆಳೆದರೆ, ಚಿಕ್ಕಮಗಳೂರಿನ ಜನಸಂಖ್ಯೆ ತುಸು ಕುಗ್ಗಿತು. ಇಂಥ ಸ್ಥಿತಿಯಲ್ಲಿ ‘ಜನಸಂಖ್ಯಾ ಸ್ಫೋಟ’ದ ಭಯ ಹುಟ್ಟಿಸುವ ಭಾಷಣಗಳಿಗೆ ಆಧಾರವಿಲ್ಲ.

1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್‌ಗಳಿಗೆ ಒಪ್ಪಿಗೆ ಕೊಟ್ಟ ಮೈಸೂರು ಸಂಸ್ಥಾನದ ಪರಂಪರೆ ನಮ್ಮದು. ಹೆಣ್ಣುಮಕ್ಕಳ ಮದುವೆಯ ವಯಸ್ಸು, ಎರಡು ಹೆರಿಗೆಗಳ ನಡುವಿನ ಅಂತರ, ಹೆಂಗಸರ ಟ್ಯೂಬೆಕ್ಟಮಿಗಿಂತ ಸರಳವಾದ ಗಂಡಸರ ವ್ಯಾಸೆಕ್ಟಮಿ, ಈ ಮೂರರ ಕಡೆಗೆ ಆರೋಗ್ಯ ಇಲಾಖೆ ಇನ್ನಾದರೂ ತನ್ನ ಹಣ ಮತ್ತು ಸಿಬ್ಬಂದಿಯನ್ನು ತಿರುಗಿಸಬೇಕು.