ಗಾಜಿನ ನಾರಿನ ಕಾರು

ಕಾರಿನ ಮೈ ಎಂದರೆ ತಗಡು ಎಂದೇ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಯಾರಾದರೂ ಗುದ್ದಿದರೆ ತಗ್ಗು ಬೀಳಬೇಕು, ಟಿಂಕರಿಂಗ್ ಅಂಗಡಿಯವನು ಒಳಗಿನಿಂದ ಬಡಿದು ಅದನ್ನು ಎಬ್ಬಿಸಬೇಕು, ಆಮೇಲೆ ಪುಟ್ಟಿ, ಅದರ ಮೇಲೆ ಬಣ್ಣ. ನಮ್ಮ ಬೆಂಗಳೂರಿನಲ್ಲೇ, ಅದೂ ಮಾರುತಿ ಬರುವ ಮುಂಚೆಯೇ, ತಗಡಿಲ್ಲದ ಮೈಯ ಕಾರುಗಳು ತಯಾರಾಗುತ್ತಿದ್ದವು ಎಂದರೆ ಇಂದಿನ ಹುಡುಗಿಯರು ನಗುತ್ತಾರೆ.

1970ರ ದಶಕದ ನಡುವಿನಲ್ಲಿ ಬಂದದ್ದು 'ಬಾದಲ್'. ಮೂರೇ ಚಕ್ರದ, ಮೊಟ್ಟೆಯಂತಹ ಪುಟ್ಟ ಕಾರು. ಅದನ್ನು ಮಾಡಿದ ಸಂಸ್ಥೆಯೇ ಮುಂದೆ ಸಿಪಾನಿ ಆಟೋಮೊಬೈಲ್ಸ್ ಎಂಬ ಹೆಸರಿನಲ್ಲಿ 1982ರಲ್ಲಿ 'ಡಾಲ್ಫಿನ್' ಎಂಬ ಎರಡು ಬಾಗಿಲಿನ ಕಾರನ್ನು ಹೊರತಂದಿತು. ಇಂಗ್ಲೆಂಡಿನ ರಿಲಯಂಟ್ ಕಂಪನಿಯವರು 1975ರಲ್ಲಿ ಮಾಡಿದ 'ಕಿಟನ್' ಕಾರೇ ಅದರ ಮೂಲ. ಎಂಜಿನ್ 848 ಸಿ.ಸಿ. ಕೆಳಗೆ ಉಕ್ಕಿನ ಚಾಸಿಸ್, ಮೇಲೆ ಫೈಬರ್ ಗ್ಲಾಸಿನ ಮೈ. ಅಮೆರಿಕದಲ್ಲಿ 1953ರಲ್ಲೇ 'ಕಾರ್ವೆಟ್' ಕಾರಿಗೆ ಇಂಥ ಮೈ ಬಂದಿತ್ತು. ಇಂಗ್ಲೆಂಡಿನಲ್ಲಂತೂ ಕಾರಿನ ಬಿಡಿಭಾಗಗಳನ್ನು ಕಟ್ಟಾಗಿ ಕೊಂಡು ತಂದು ಮನೆಯ ಷೆಡ್ಡಿನಲ್ಲಿ ತಾವೇ ಜೋಡಿಸಿಕೊಳ್ಳುವವರಿದ್ದರು. ಜೋಡಿಸದ ಕಾರಿಗೆ ಖರೀದಿ ತೆರಿಗೆ ಇರಲಿಲ್ಲ. 1973ರಲ್ಲಿ ತೆರಿಗೆಯ ಪದ್ಧತಿ ಬದಲಾಗುವ ತನಕ ಆ ಅನುಕೂಲ ನಡೆಯಿತು. ತೆರಿಗೆ ಉಳಿಯುತ್ತದೆ ಎಂದರೆ ಗಂಡಸರು ಏನನ್ನು ಬೇಕಾದರೂ ಜೋಡಿಸಿಯಾರು!

ನಮ್ಮ ಊರು ಕೆಂಗಲ್. ವಿಧಾನಸೌಧ ಕಟ್ಟಿಸಿದ ಹನುಮಂತಯ್ಯನವರ ಹೆಸರಿನ ಹಿಂದೆ ನಿಂತು ನಾಡಿಗೆಲ್ಲ ಗೊತ್ತಾದ ಊರು. ರಾಮನಗರ ದಾಟಿ ಚನ್ನಪಟ್ಟಣ ಸಿಗುವ ಮುಂಚೆ, ಹಳೆಯ ಮೈಸೂರು ರಸ್ತೆಯ ಮಗ್ಗುಲಲ್ಲೇ ಆಂಜನೇಯನ ಗುಡಿ. ಹೊಸ ಗಾಡಿ ಕೊಂಡವರು ಅಲ್ಲಿ ನಿಲ್ಲಿಸಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುವುದನ್ನು ನೋಡುತ್ತಲೇ ನಾವು ಬೆಳೆದದ್ದು. ಡಾಲ್ಫಿನ್ ಕಾರನ್ನು ನಾನು ಮೊದಲು ಕಂಡದ್ದೂ ಅಲ್ಲೇ. ಪೂಜೆ ಮಾಡಿಸಿದವರನ್ನು ಬಿಟ್ಟು ಉಳಿದವರೆಲ್ಲ ಅದರ ಬಾನೆಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು, ಹಲಸಿನ ಹಣ್ಣು ತಟ್ಟಿದ ಹಾಗೆ.

ನನ್ನ ಸೋದರಮಾವ ಬೆಂಗಳೂರಿನ ಒಂದು ಸಣ್ಣ ಷೆಡ್ಡಿನಲ್ಲಿ ಇಂಥ ಕಾರುಗಳ ಒಡೆದ ಮೈಗೆ ಹೊಸ ಭಾಗ ಮಾಡಿ ಕೂರಿಸುವ ಕೆಲಸದಲ್ಲಿದ್ದರು. ಕೆಲಸ ಹೀಗೆ: ಮೊದಲು ಅಚ್ಚು. ಅದರ ಒಳಮೈಗೆ ಮೇಣ ತಿಕ್ಕಬೇಕು, ದೋಸೆ ಹೆಂಚಿಗೆ ಎಣ್ಣೆ ಸವರುವಂತೆ, ಇಲ್ಲದಿದ್ದರೆ ಕಚ್ಚಿಕೊಳ್ಳುತ್ತದೆ. ಮೇಲೆ ಬಣ್ಣದ ಒಂದು ಪದರ, ಅದರ ಮೇಲೆ ಗಾಜಿನ ನಾರಿನ ಚಾಪೆ, ಅದು ನೆನೆಯುವಷ್ಟು ರೆಸಿನ್. ರೋಲರ್ ಆಡಿಸಿ ಗಾಳಿಗುಳ್ಳೆ ಹೊರಡಿಸಬೇಕು. ರೆಸಿನ್ನಿಗೆ ಹಾರ್ಡ್‌ನರ್ ಬೆರೆಸಿದ ಮೇಲೆ ಪುರುಸೊತ್ತಿಲ್ಲ. ಬೇಸಿಗೆಯ ಮಧ್ಯಾಹ್ನ ಡಬ್ಬಿಯಲ್ಲೇ ಬಿಸಿಯೇರಿ ಗಟ್ಟಿಯಾಗಿಬಿಡುತ್ತದೆ. ಅರೆಬರೆ ಗಟ್ಟಿಯಾದಾಗಲೇ ಅಂಚನ್ನು ಚಾಕುವಿನಿಂದ ಸವರಿದರೆ ಸುಲಭ. ಪೂರ್ತಿ ಗಟ್ಟಿಯಾದ ಮೇಲೆ ಗರಗಸ, ಅರ, ಕಣ್ಣಿಗೆ ಕಾಣದ ಗಾಜಿನ ಧೂಳು.

ನಿಜವಾದ ಪರೀಕ್ಷೆ ಕೂರಿಸುವುದರಲ್ಲಿ. ತಗಡಾದರೆ ಬಡಿದು ಎಳೆದು ಹೊಂದಿಸಬಹುದು. ಇದು ಬಗ್ಗುವುದಿಲ್ಲ, ಸೀಳುತ್ತದೆ. ಆದ್ದರಿಂದ ಅಂಚನ್ನು ಬೆರಳಗಲ ಹೆಚ್ಚೇ ಬಿಟ್ಟಿರುತ್ತಾರೆ. ಚಾಸಿಸ್ ಮೇಲೆ ಇಟ್ಟು ನೋಡಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ತೆಗೆದು ಉಜ್ಜಿ, ಮತ್ತೆ ಇಟ್ಟು ನೋಡುತ್ತಾರೆ. ಬಾಗಿಲಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಇರಬೇಕು. ಅದನ್ನು ನೋಡಲು ಮಾವ ಚನ್ನಪಟ್ಟಣದ ಬೊಂಬೆಯವರ ಹತ್ತಿರ ಆಲೆ ಮರದ ತೆಳು ಚೂರುಗಳನ್ನು ತಂದಿಟ್ಟುಕೊಂಡಿದ್ದರು. ಎಲ್ಲ ಬಾಗಿಲೂ ಸರಿಯಾಗಿ ಮುಚ್ಚುವ ತನಕ ಒಂದು ತೂತೂ ಕೊರೆಯುವಂತಿಲ್ಲ. ಕೊರೆದ ತೂತು ಬೋಲ್ಟಿಗಿಂತ ತುಸು ದೊಡ್ಡದಿರಬೇಕು, ಕೆಳಗೆ ಅಗಲವಾದ ವಾಷರ್. ಬಿಗಿ ಹೆಚ್ಚಾದರೆ ಬಣ್ಣದಲ್ಲಿ ಜೇಡರ ಬಲೆಯಂತೆ ಬಿರುಕು ಬರುತ್ತದೆ.

"ಹೆಚ್ಚು ಕತ್ತರಿಸಿದ್ರೆ ಮುಗೀತು ಕಣವ್ವ, ಮತ್ತೆ ನಾರು ಹಾಕಿ ಕಟ್ಟಬೇಕು" ಎಂದು ಮಾವ ದೊಡ್ಡ ವಿದ್ಯೆಯಂತೆ ಹೇಳುತ್ತಿದ್ದರೆ, ಒಳಗೆ ಹೊಲಿಗೆ ಮಿಷನ್ನಿನ ಮುಂದೆ ಕೂತ ಅತ್ತೆ, "ನಾವು ದಿನಾ ರವಿಕೆ ಹೊಲಿಯೋದು ಇನ್ನೇನು ಮಾಡಿ?" ಎನ್ನುತ್ತಿದ್ದರು.

ಅತ್ತೆಗೆ ಆ ಮಾತು ಹೇಳುವ ಹಕ್ಕಿತ್ತು. ಗಾಜಿನ ಚಾಪೆಯ ಸುರುಳಿ ಸಂಜೆಯ ಬಸ್ಸಿನಲ್ಲಿ ಕೆಂಗಲ್ಲಿಗೆ ಬರುತ್ತಿತ್ತು. ಹಳೆಯ ಪೇಪರಿನಲ್ಲಿ ಮಾದರಿ ಕತ್ತರಿಸಿಟ್ಟುಕೊಂಡು, ಬಾನೆಟ್ಟಿಗೆ ಇಷ್ಟು, ಬಾಗಿಲಿಗೆ ಇಷ್ಟು ಎಂದು ಅತ್ತೆಯೇ ಕತ್ತರಿಸುತ್ತಿದ್ದರು. ಹೆಡ್‌ಲೈಟಿನ ಗುಂಡಗಿನ ಜಾಗದಲ್ಲಿ ಚಾಪೆ ಸುಕ್ಕು ಬರುತ್ತದೆ ಎಂದು ಮಾವ ಪೇಚಾಡಿದಾಗ, ಕಂಕುಳ ತಿರುವಿನಲ್ಲಿ ಕಚ್ಚು ಹಾಕುವಂತೆ ಅಂಚಿಗೆ ಸಣ್ಣ ಕಚ್ಚು ಹಾಕಿಕೊಟ್ಟವರೂ ಅವರೇ. ಚಾಪೆ ಸುಕ್ಕಿಲ್ಲದೆ ಕೂತಿತು. ಷೆಡ್ಡಿನಲ್ಲಿ ಹೊಗಳಿಕೆ ಮಾವನಿಗೆ ಸಿಕ್ಕಿತು.

ಕೈ ನವೆ ಮಾತ್ರ ಅತ್ತೆಯದು. ಗಾಜಿನ ಎಳೆ ಮಕ್ಕಳ ಹಾಸಿಗೆಗೂ ಬಂದಾಗ ಅವರು ಕೆಲಸವನ್ನು ಹಿತ್ತಿಲಿಗೆ ಸಾಗಿಸಿ, ಜೊತೆಗೆ ಕೂಲಿಯನ್ನೂ ಕೇಳಿಸಿದರು. ಮನೆಯ ಹೆಂಗಸರ ಕೆಲಸಕ್ಕೂ ಲೆಕ್ಕವೇ ಎಂದು ಷೆಡ್ಡಿನ ಯಜಮಾನ ನಕ್ಕರಂತೆ. ಮಾವ ಅದನ್ನು ಬಂದು ಹೇಳಿದ್ದು ತಲೆ ತಗ್ಗಿಸಿಕೊಂಡೇ. ಅತ್ತೆ ಜಗಳವಾಡಲಿಲ್ಲ, ಸುರುಳಿಯನ್ನು ಬಸ್ಸಿಗೆ ಹಾಕಿ ವಾಪಸು ಕಳಿಸಿದರು.

1983ರ ಡಿಸೆಂಬರಿನಲ್ಲಿ ಮಾರುತಿ ಬಂದಿತ್ತಲ್ಲ, ಕೆಲವೇ ವರ್ಷಗಳಲ್ಲಿ ರಸ್ತೆಯೆಲ್ಲ ಅದರದೇ ಆಯಿತು. ಉಕ್ಕಿನ ಒತ್ತಚ್ಚು ಮಾಡಿಸಲು ಕೋಟಿಗಟ್ಟಲೆ ಬೇಕು. ಆದರೆ ಒಮ್ಮೆ ಮಾಡಿಸಿದರೆ ಬಾಗಿಲೊಂದು ಕೆಲವೇ ಕ್ಷಣದಲ್ಲಿ ಬೀಳುತ್ತದೆ, ಒಂದರಂತೆ ಇನ್ನೊಂದು. ಫೈಬರಿನ ಅಚ್ಚು ಅಗ್ಗ, ಕೈಕೆಲಸ ದುಬಾರಿ. ನೂರಿನ ಲೆಕ್ಕದಲ್ಲಿ ಅದು ಗೆಲ್ಲುತ್ತದೆ, ಲಕ್ಷದ ಲೆಕ್ಕದಲ್ಲಿ ಸೋಲುತ್ತದೆ. ಕಾರು ಕೆಟ್ಟದ್ದಾಗಿತ್ತು ಎಂದು ಹೇಳುವವರಿದ್ದಾರೆ. ನನಗೆ ಈ ಲೆಕ್ಕವೇ ದೊಡ್ಡ ಕಾರಣವೆನಿಸುತ್ತದೆ. ಸಿಪಾನಿಯವರು 1987ರ ಹೊತ್ತಿಗೆ ನಾಲ್ಕು ಬಾಗಿಲಿನ 'ಮೊಂಟಾನಾ' ಮಾಡಿದರು, 90ರ ದಶಕದಲ್ಲಿ ಇಂಗ್ಲೆಂಡಿನಿಂದ ಭಾಗಗಳನ್ನು ತರಿಸಿ ರೋವರ್ 'ಮೊಂಟೆಗೊ' ಜೋಡಿಸಿದರು. ಅವು ಯಾವುವೂ ಬಹುಕಾಲ ನಿಲ್ಲಲಿಲ್ಲ. ತಗಡಿಲ್ಲದ ಮೈ ಮತ್ತೆ ಬೆಂಗಳೂರಿನಲ್ಲೇ 2001ರಲ್ಲಿ ಕಾಣಿಸಿಕೊಂಡಿತು, ವಿದ್ಯುತ್ತಿನ 'ರೇವಾ' ಕಾರಿನಲ್ಲಿ: ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ.

ಮಾವನ ಷೆಡ್ಡು ಅಷ್ಟರಲ್ಲಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅವರು ಫೈಬರಿನ ನೀರಿನ ತೊಟ್ಟಿ ಮಾಡುವಲ್ಲಿ ಸೇರಿಕೊಂಡು, ಕೆಮ್ಮು ಹೆಚ್ಚಾದ ಮೇಲೆ ಅದನ್ನೂ ಬಿಟ್ಟರು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಕೆಂದು ಆ ಕಾಲದಲ್ಲಿ ಅವರಿಗೆ ಹೇಳಿಕೊಟ್ಟಿದ್ದರಂತೆ. ಅತ್ತೆಯ ಹೊಲಿಗೆಯ ಲೆಕ್ಕದ ಪುಸ್ತಕ ಈಗ ನನ್ನ ಬಳಿ ಇದೆ. ರವಿಕೆ, ಲಂಗ, ಶಾಲೆಯ ಸಮವಸ್ತ್ರಗಳ ನಡುವೆ 'ಬಾನೆಟ್ 6, ಬಾಗಿಲು 9 ಜೊತೆ' ಎಂದು ಬರೆದು, ಎದುರಿಗೆ ಹಣದ ಕಲಮನ್ನು ಖಾಲಿ ಬಿಟ್ಟಿದ್ದಾರೆ.